ಅಮ್ಮನಿಗೆ ಯಾವ ಸ್ಟೀಮರ್?

ವಾಟ್ಸಾಪ್ ಗುಂಪು: ಉದ್ಯಾವರ ಮನೆ

ತಮ್ಮ (ಫಾರ್ವರ್ಡ್): ತರಕಾರಿ ನೀರಲ್ಲಿ ಬೇಯಿಸಲೇಬೇಡಿ! ಇಡ್ಲಿ ಪಾತ್ರೆಯಲ್ಲಿ ಬೇಯಿಸಿದರೆ ಸತ್ವವೆಲ್ಲ ನಾಶ! ಮೂರು ಅಂತಸ್ತಿನ ಎಲೆಕ್ಟ್ರಿಕ್ ಸ್ಟೀಮರಿನಲ್ಲಿ ಮಾತ್ರ ನೂರಕ್ಕೆ ನೂರು ವಿಟಮಿನ್ ಉಳಿಯುತ್ತದೆ. ಆಫರ್ ಇವತ್ತು ರಾತ್ರಿಯವರೆಗೆ.

ತಮ್ಮ: ಇದನ್ನು ಅಮ್ಮನಿಗೆ ತೆಗೆಯುವ ಅಂತ. ಮೂವರು ಹಂಚಿಕೊಂಡರೆ ಭಾರ ಅಲ್ಲ. ಶುಗರ್ ಬಂದ ಮೇಲೆ ತರಕಾರಿ ಜಾಸ್ತಿ ತಿನ್ನಿ ಅಂದಿದ್ದಾರೆ ಅಲ್ವಾ? ಆರ್ಡರ್ ಹಾಕಲಾ?

ಅಕ್ಕ: ಬೇಡ. ಅಮ್ಮನ ಹತ್ತಿರ ಎರಡು ಇಡ್ಲಿ ಪಾತ್ರೆ ಉಂಟು. ಪತ್ರೊಡೆ, ಕೊಟ್ಟೆ ಕಡುಬು, ಅರಶಿನ ಎಲೆಯ ಗಟ್ಟಿ, ಎಲ್ಲ ಹಬೆಯಲ್ಲೇ ಮಾಡಿಕೊಂಡು ಬಂದ ಮನೆ ನಮ್ಮದು. ಹೊಸ ಮೆಷಿನ್ ಎಂತಕ್ಕೆ?

ದೊಡ್ಡಮ್ಮ: ನನ್ನದೂ ಅದೇ ಮಾತು.

ತಮ್ಮ: ಅದು ಕಡುಬು ಅಕ್ಕ. ಕಡುಬಿನ ಹಾಗೆ ಅರ್ಧ ಗಂಟೆ ಇಟ್ಟರೆ ಬೀನ್ಸ್ ಉಳಿಯುತ್ತದಾ? ಮೆಸೇಜಿನಲ್ಲಿ ಸತ್ವ ನಾಶ ಅಂತ ಬರೆದದ್ದು ಸುಮ್ನೆ ಅಲ್ಲ.

ನಾನು: ಆ ಮೆಸೇಜ್ ತಪ್ಪು. ಮುಚ್ಚಳ ಸಡಿಲ ಇರುವ ಯಾವ ಪಾತ್ರೆಯಲ್ಲೂ ಹಬೆ 100 ಡಿಗ್ರಿ ದಾಟುವುದಿಲ್ಲ. ಸಾವಿರಾರು ರೂಪಾಯಿಯ ಮೆಷಿನ್ ಆದರೂ ಅಷ್ಟೇ, ಅಮ್ಮನ ಇಡ್ಲಿ ಪಾತ್ರೆ ಆದರೂ ಅಷ್ಟೇ. ಬೀನ್ಸಿಗೆ ತಾಗುವುದು ಅದೇ ಹಬೆ. ಕುಕ್ಕರಿಗೆ ವೆಯ್ಟ್ ಹಾಕಿದಾಗ ಮಾತ್ರ ಶಾಖ 120 ಡಿಗ್ರಿ ಹತ್ತಿರ ಹೋಗುತ್ತದೆ. ಒಂದು ಸೀಟಿಗೇ ಅಲಸಂಡೆ ಮೆತ್ತಗಾಗುವುದು ಅದಕ್ಕೆ.

ನಾನು: ನೂರಕ್ಕೆ ನೂರು ವಿಟಮಿನ್ ಅನ್ನುವುದೂ ಸುಳ್ಳು. ಸಿ ವಿಟಮಿನ್ ನೀರಿಗೂ ಬಿಡುತ್ತದೆ, ಬಿಸಿಗೂ ಹೋಗುತ್ತದೆ. ಹಬೆಯಲ್ಲಿ ನೀರಿಗೆ ಬಿಡುವುದು ಕಮ್ಮಿ ಆಗುತ್ತದೆ. ಬಿಸಿಗೆ ಹೋಗುವುದು ಹೋಗಿಯೇ ಹೋಗುತ್ತದೆ.

ತಮ್ಮ: ಹಾಗಾದರೆ ಹಬೆಯಲ್ಲಿ ಬೇಯಿಸಿ ಲಾಭ ಇಲ್ವಾ?

ನಾನು: ಉಂಟು. ಯಾವ ಅಡುಗೆಗೆ ಅಂತ ನೋಡಬೇಕು. ಹುಳಿಗೆ ಹಾಕಿದ ತರಕಾರಿಯ ನೀರನ್ನು ನಾವು ಚೆಲ್ಲುವುದಿಲ್ಲ. ಅದರಲ್ಲೇ ಕಾಯಿ ಅರೆದು ಹಾಕುತ್ತೇವೆ. ನೀರಿಗೆ ಬಿಟ್ಟ ಸತ್ವ ಊಟದ ಬಟ್ಟಲಿಗೇ ಬರುತ್ತದೆ. ಹುಳಿ, ಸಾರಿಗೆ ಸ್ಟೀಮರ್ ಬೇಡವೇ ಬೇಡ. ಪಲ್ಯದ್ದು ಬೇರೆ ಲೆಕ್ಕ. ಕ್ಯಾಬೇಜ್, ಬೀನ್ಸ್, ತೊಂಡೆಕಾಯಿ ನೀರಲ್ಲಿ ಕುದಿಸಿ, ಬಸಿದು, ಆ ನೀರನ್ನು ಸಿಂಕಿಗೆ ಹಾಕುತ್ತೇವಲ್ಲ, ನಷ್ಟ ಆಗುವುದು ಅಲ್ಲಿ. ಪಲ್ಯಕ್ಕೆ ಹಬೆಯೇ ಒಳ್ಳೆಯದು. ಒಗ್ಗರಣೆ ಹಾಕಿ ಮೇಲಿಂದ ತೆಂಗಿನ ತುರಿ ಉದುರಿಸಿದರೆ ಆಯ್ತು. ಕ್ಯಾರೆಟ್ಟಿಗೆ ಆ ತುರಿ ಇನ್ನೂ ಒಳ್ಳೆಯದು. ಅದರ ಕಿತ್ತಳೆ ಬಣ್ಣದ ಕೆರೋಟಿನ್ ಮೈಗೆ ಹತ್ತಲು ಸ್ವಲ್ಪ ಎಣ್ಣೆ ಅಂಶ ಬೇಕು.

ಅಕ್ಕ: ಅಂದರೆ ಇಡ್ಲಿ ಪಾತ್ರೆ ಸಾಕು. ನಾನು ಹೇಳಿದ್ದೂ ಅದೇ.

ನಾನು: ಸಾಕು, ಬಳಸುವ ಕ್ರಮ ಗೊತ್ತಿದ್ದರೆ. ಇಡ್ಲಿ ತಟ್ಟೆಯ ಗುಳಿಯಲ್ಲಿ ತರಕಾರಿ ತುಂಬಿಸಬಾರದು, ಹಬೆ ಸುತ್ತ ಬರುವುದಿಲ್ಲ. ಅದನ್ನು ತೆಗೆದು ತೂತಿನ ಚಪ್ಪಟೆ ತಟ್ಟೆ ಇಡಬೇಕು. ಇಲ್ಲವೇ ಮಡಚುವ ಸ್ಟೀಲ್ ಬುಟ್ಟಿ. ನೀರು ತಟ್ಟೆಗೆ ತಾಗಬಾರದು, ಎರಡು ಬೆರಳು ಕೆಳಗಿರಬೇಕು. ಮೊದಲು ನೀರು ಚೆನ್ನಾಗಿ ಕುದಿಯಲಿ, ಮತ್ತೆ ತರಕಾರಿ ಇಡಿ, ಆಗಿನಿಂದ ನಿಮಿಷ ಎಣಿಸಿ. ಅಲಸಂಡೆ, ಬೀನ್ಸ್, ಹೂಕೋಸಿಗೆ ಆರೇಳು ನಿಮಿಷ. ಬೆಂಡೆಗೆ ಐದು. ಬೆರಳಗಲ ಕತ್ತರಿಸಿದ ಕ್ಯಾರೆಟ್ಟಿಗೆ ಎಂಟು. ಇಡೀ ಬೀಟ್ರೂಟಿಗೆ ಮುಕ್ಕಾಲು ಗಂಟೆ ಹತ್ತಿರ ಬೇಕು. ಹಸಿರು ತರಕಾರಿ ಹತ್ತು ನಿಮಿಷ ದಾಟಿತೋ, ಅದರೊಳಗಿನ ಹುಳಿ ಅಂಶಕ್ಕೆ ಬಣ್ಣ ಕಂದು ತಿರುಗುತ್ತದೆ. ತಮ್ಮ ಹೇಳಿದ ಬೀನ್ಸಿನ ಕಥೆ ಅದೇ. ತಪ್ಪು ಪಾತ್ರೆಯದ್ದಲ್ಲ, ಗಡಿಯಾರ ನೋಡದ್ದು.

ದೊಡ್ಡಮ್ಮ: ಉಪ್ಪು ಯಾವಾಗ?

ನಾನು: ಬೆಂದ ಮೇಲೆ. ಮೊದಲೇ ಹಾಕಿದರೆ ನೀರು ಬಿಟ್ಟು, ಆ ನೀರೆಲ್ಲ ಕೆಳಗೆ ಸೋರಿ ಹೋಗುತ್ತದೆ.

ಭಾವ: ನನ್ನ ಕಿಡ್ನಿ ಕಲ್ಲಿಗೆ ಹಬೆ ಒಳ್ಳೆಯದಾ? ಇನ್ನೊಂದು ಗುಂಪಿನಲ್ಲಿ ಹಾಗೆ ಬಂದಿತ್ತು.

ನಾನು: ಭಾವ, ದಯವಿಟ್ಟು ಅದನ್ನು ನಂಬಬೇಡಿ. ನಿಮ್ಮ ವಿಷಯದಲ್ಲಿ ಲೆಕ್ಕ ಉಲ್ಟಾ. ಹೆಚ್ಚಿನ ಕಿಡ್ನಿ ಕಲ್ಲುಗಳಲ್ಲಿ ಇರುವುದು ಆಕ್ಸಲೇಟ್, ಪಾಲಕ್, ಹರಿವೆಯಲ್ಲಿ ಅದು ಜಾಸ್ತಿ. ಜಾಸ್ತಿ ನೀರಲ್ಲಿ ಕುದಿಸಿ ಆ ನೀರು ಚೆಲ್ಲಿದರೆ ಸ್ವಲ್ಪ ಭಾಗ ಹೋಗುತ್ತದೆ. ಹಬೆಯಲ್ಲಿ ಅಷ್ಟು ಹೋಗುವುದಿಲ್ಲ, ಸೊಪ್ಪಿನಲ್ಲೇ ಕೂರುತ್ತದೆ. ಯಾವ ಸೊಪ್ಪು ಎಷ್ಟು ಅಂತ ಡಾಕ್ಟರ್ ಹತ್ತಿರವೇ ಕೇಳಿ.

ದೊಡ್ಡಮ್ಮ: ಮತ್ತೆ ಪತ್ರೊಡೆ? ಅದು ಹಬೆಯಲ್ಲೇ ಅಲ್ವಾ ಬೇಯುವುದು. ತುರಿಸುವುದಿಲ್ಲವಲ್ಲ.

ನಾನು: ಪತ್ರೊಡೆಗೆ ಹಾಕುವ ಕೆಸುವಿನ ಎಲೆಯ ತುರಿಕೆಯೂ ಆಕ್ಸಲೇಟಿನದ್ದೇ ದೊಡ್ಡಮ್ಮ, ಸೂಜಿಯಂಥ ಹರಳುಗಳು. ಅದಕ್ಕೇ ನೀವು ಹಿಟ್ಟಿಗೆ ಹುಣಸೆಹುಳಿ ಧಾರಾಳ ಹಾಕಿ, ಗಂಟೆ ಹತ್ತಿರ ಬೇಯಿಸುವುದು. ತುರಿಕೆ ಇಲ್ಲ ಅಂದ ಮಾತ್ರಕ್ಕೆ ಆಕ್ಸಲೇಟ್ ಹೋಯಿತು ಅಂತ ಅಲ್ಲ. ಭಾವ, ಆಟಿ ತಿಂಗಳಲ್ಲಿ ಪತ್ರೊಡೆ ಕಂಡರೂ ಸ್ವಲ್ಪವೇ ತಿನ್ನಿ.

ಅಕ್ಕ: ಇವರಿಗೆ ನಾನು ಹೇಳಿದರೆ ಕೇಳುವುದಿಲ್ಲ. ಇದನ್ನು ಸ್ಟಾರ್ ಮಾಡಿ ಇಡುತ್ತೇನೆ.

ತಮ್ಮ: ವಿಷಯಕ್ಕೆ ಬನ್ನಿ. ಅಮ್ಮನ ಶುಗರಿಗೆ ಹಬೆ ಒಳ್ಳೆಯದು ಅಂತಾದರೂ ಒಪ್ಪುತ್ತೀಯಾ?

ನಾನು: ಎಣ್ಣೆ ಕಮ್ಮಿ ಆಗುತ್ತದೆ, ತರಕಾರಿ ರುಚಿಯಾಗಿದ್ದರೆ ಅಮ್ಮ ಜಾಸ್ತಿ ತಿನ್ನುತ್ತಾರೆ. ಅದು ಒಳ್ಳೆಯದು. ಆದರೆ ಆಲೂಗಡ್ಡೆಯನ್ನು ಹಬೆಯಲ್ಲಿ ಬೇಯಿಸಿದರೂ ಪಿಷ್ಟ ಅಷ್ಟೇ ಇರುತ್ತದೆ. ಮರಗೆಣಸೂ ಹಾಗೆಯೇ. ಹಬೆಯದ್ದು ಅಂತ ಬಟ್ಟಲು ತುಂಬ ತಿಂದರೆ ಶುಗರ್ ಏರುತ್ತದೆ.

ದೊಡ್ಡಮ್ಮ: ಬಿದಿರಿನದ್ದು ಬರುತ್ತದಲ್ಲ, ನೋಡಲು ಚಂದ. ಅದಾದರೆ?

ಅಕ್ಕ: ನಮ್ಮ ಮಳೆಗಾಲಕ್ಕಾ? ಎರಡು ವಾರ ಬಿಸಿಲು ಕಾಣದಿದ್ದರೆ ಬೂಸ್ಟು ಹಿಡಿಯುತ್ತದೆ. ಇಲ್ಲಿ ಬಟ್ಟೆಯೇ ಒಣಗುವುದಿಲ್ಲ.

ನಾನು: ಅಕ್ಕ ಹೇಳಿದ್ದು ನಿಜ. ಬಿದಿರಿನ ಮುಚ್ಚಳ ಹಬೆಯ ನೀರು ಹೀರಿಕೊಳ್ಳುತ್ತದೆ, ತರಕಾರಿ ಮೇಲೆ ಹನಿ ಬೀಳುವುದಿಲ್ಲ. ಅದು ಅದರ ಗುಣ. ಆದರೆ ಕರಾವಳಿಯಲ್ಲಿ ಅದನ್ನು ಒಣಗಿಸಿ ಇಟ್ಟುಕೊಳ್ಳುವುದು ಕಷ್ಟ. ಸ್ಟೀಲ್ ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿದರೆ ಅದೇ ಕೆಲಸ ಆಗುತ್ತದೆ. ಬಟ್ಟೆಯ ತುದಿ ಮಾತ್ರ ಗ್ಯಾಸಿನ ಕಡೆ ನೇತಾಡಬಾರದು, ಮೇಲಕ್ಕೆ ಗಂಟು ಹಾಕಬೇಕು.

ಅಮ್ಮ: ಎಲ್ಲ ಓದಿದೆ. ನನಗೆ ಇಡ್ಲಿ ಪಾತ್ರೆಯೇ ಸಾಕು ಅಂತ ಇತ್ತು. ಆದರೆ ಒಂದು ಹೇಳುತ್ತೇನೆ, ಗಾಬರಿ ಆಗಬೇಡಿ. ಈಗ ಕಿವಿ ಸರಿ ಕೇಳುವುದಿಲ್ಲ. ಸೀಟಿ ಆದದ್ದು ಗೊತ್ತಾಗುವುದಿಲ್ಲ. ಮೊನ್ನೆ ಗ್ಯಾಸ್ ಮೇಲಿಟ್ಟು ಹಿತ್ತಲಿಗೆ ಹೋದೆ. ನೀರು ಆರಿ ಪಾತ್ರೆ ತಳ ಕಪ್ಪಾಗಿತ್ತು.

ಅಕ್ಕ: ಅಮ್ಮ! ಫೋನಲ್ಲಿ ಹೇಳಬೇಕಿತ್ತಲ್ಲ.

ಅಮ್ಮ: ಹೇಳಿದರೆ ಮಣಿಪಾಲಕ್ಕೆ ಬಂದು ಇರು ಅನ್ನುತ್ತಿ.

ನಾನು: ಹಾಗಾದರೆ ಮೆಷಿನ್ ಬೇಕು. ವಿಟಮಿನ್ ಉಳಿಸಲು ಅಲ್ಲ. ಅಮ್ಮ ಒಬ್ಬರೇ ಇರುವ ಮನೆಯಲ್ಲಿ ಬೆಂಕಿ ತಾನಾಗಿ ಆರಬೇಕು, ಅದಕ್ಕೆ. ಟೈಮರ್ ಬೆಲ್ ಹೊಡೆದರೆ ಸಾಲದು. ಅಮ್ಮನಿಗೆ ಅದೂ ಕೇಳಿಸುವುದಿಲ್ಲ. ಸಮಯ ಮುಗಿದಾಗ ಹೀಟರ್ ಆಫ್ ಆಗಬೇಕು. ನೀರು ಖಾಲಿಯಾದರೂ ಆಫ್ ಆಗಬೇಕು. ಈ ಎರಡು ಇಲ್ಲದ್ದನ್ನು ಬಿಟ್ಟಿ ಕೊಟ್ಟರೂ ಬೇಡ.

ತಮ್ಮ: ಆಫರಿನ ಮೆಷಿನಿನಲ್ಲಿ ಟೈಮರ್ ಉಂಟು. ನೀರಿನ ವಿಷಯ ಬರೆದಿಲ್ಲ.

ನಾನು: ಬರೆಯದಿದ್ದರೆ ಅದು ಬೇಡ. ಒಬ್ಬರಿಗೆ ಮೂರು ಅಂತಸ್ತೂ ಬೇಡ. ಮೇಲಿನ ಬುಟ್ಟಿಗೆ ಹಬೆ ತಡವಾಗಿ ಏರುತ್ತದೆ, ಮೇಲಿನ ಬೀಟ್ರೂಟಿನ ನೀರು ಕೆಳಗಿನ ಹೂಕೋಸಿಗೆ ಸೋರುತ್ತದೆ. ತೊಳೆಯಲು ಮೂರು ಬುಟ್ಟಿ, ಅಮ್ಮನ ಮೊಣಕೈ ನೋವು ಬೇರೆ. ಒಂದು ಇಲ್ಲವೇ ಎರಡು ಬುಟ್ಟಿಯದ್ದು ನೋಡುವ. ಬುಟ್ಟಿ ಸ್ಟೀಲಿನದ್ದಿದ್ದರೆ ಒಳ್ಳೆಯದು, ಅರಶಿನದ ಕಲೆ ಕೂರುವುದಿಲ್ಲ.

ಭಾವ: ಕರೆಂಟ್ ಬಿಲ್?

ನಾನು: 800 ವ್ಯಾಟಿನ ಮೆಷಿನ್ ಕಾಲು ಗಂಟೆ ಓಡಿದರೆ 0.2 ಯೂನಿಟ್. ಅದು ದೊಡ್ಡದಲ್ಲ. ಮಳೆಗೆ ಕರೆಂಟ್ ಹೋಗುವುದು ದೊಡ್ಡದು. ಅದಕ್ಕೆ ಇಡ್ಲಿ ಪಾತ್ರೆ ಅಟ್ಟಕ್ಕೆ ಹಾಕಬೇಡಿ ಅಮ್ಮ.

ಅಕ್ಕ: ನನಗೆ ಹಬೆ ತಾಗುವ ಹೆದರಿಕೆ ಜಾಸ್ತಿ. ಅಮ್ಮ ಮುಚ್ಚಳ ತೆಗೆದು ಬಗ್ಗಿ ನೋಡುತ್ತಾರೆ.

ನಾನು: ಅದು ಮುಖ್ಯ ಮಾತು. ಅಮ್ಮ, ಮುಚ್ಚಳವನ್ನು ನಿಮ್ಮ ಮೈಯಿಂದ ಆಚೆ ಬದಿ ಮೊದಲು ಎತ್ತಿ. ಒಂದು ಗ್ರಾಂ ಹಬೆ ಚರ್ಮಕ್ಕೆ ತಾಗಿ ನೀರಾಗುವಾಗಲೇ 540 ಕ್ಯಾಲೊರಿ ಶಾಖ ಬಿಡುತ್ತದೆ. ಅಷ್ಟೇ ಕುದಿಯುವ ನೀರು ಮೈ ಬಿಸಿಗೆ ಇಳಿಯುವಷ್ಟರಲ್ಲಿ ಬಿಡುವುದು ಸುಮಾರು 60. ಬೆಂದಿದೆಯಾ ಅಂತ ನೋಡುವ ಆತುರ ಬೇಡ. ಆಫ್ ಆದ ಮೇಲೆ ಒಂದು ನಿಮಿಷ ಬಿಟ್ಟು ತೆರೆಯಿರಿ. ಜಾಸ್ತಿ ಹೊತ್ತು ಮುಚ್ಚಿಟ್ಟರೆ ಒಳಗಿನ ಬಿಸಿಗೆ ಮತ್ತೂ ಬೇಯುತ್ತದೆ.

ಅಮ್ಮ: ಆಯ್ತು. ಗುಳ್ಳ ಬದನೆಯ ಬಜ್ಜಿ ಅದರಲ್ಲಿ ಆಗುತ್ತದಾ?

ನಾನು: ಬೇಯುತ್ತದೆ, ಆದರೆ ಬೇಡ ಅಮ್ಮ. ಬಜ್ಜಿಗೆ ಗುಳ್ಳವನ್ನು ಸುಡಲೇಬೇಕು. ಸಿಪ್ಪೆ ಕರಿದಾದ ಆ ಹೊಗೆಯ ಪರಿಮಳ ಹಬೆಯಲ್ಲಿ ಎಲ್ಲಿಂದ ಬರಬೇಕು? ಅದನ್ನು ನಾವು ಬಂದಾಗ ಮಾಡುವ, ಒಲೆಯ ಹತ್ತಿರ ನಾನು ನಿಲ್ಲುತ್ತೇನೆ.

ತಮ್ಮ: ಆಫರ್ ಇನ್ನು ಎರಡು ಗಂಟೆ ಉಂಟು. ಬಿಟ್ಟುಬಿಡುವುದಾ?

ಅಕ್ಕ: ಬಿಡು. ಮೆಷಿನಿಗೆ ನನ್ನ ಒಪ್ಪಿಗೆ ಉಂಟು. ನೋಡದೆ ತರಿಸಲು ಇಲ್ಲ.

ನಾನು: ಶನಿವಾರ ಮಂಗಳೂರಿಂದ ಬರುತ್ತೇನೆ. ಅಮ್ಮನನ್ನು ಕರೆದುಕೊಂಡು ಉಡುಪಿಯ ಅಂಗಡಿಗೆ ಹೋಗುವ. ಅಲ್ಲೇ ಪ್ಲಗ್ ಹಾಕಿಸಿ, ಒಂದು ಲೋಟ ನೀರು ಹಾಕಿ, ಆರಿದಾಗ ತಾನೇ ನಿಲ್ಲುತ್ತದಾ ನೋಡಿಯೇ ದುಡ್ಡು ಕೊಡುವುದು. ನಾಬ್ ಅಮ್ಮನ ಕೈಯಲ್ಲಿ ಸುಲಭವಾಗಿ ತಿರುಗಬೇಕು, ನಿಮಿಷದ ಅಂಕೆ ಕನ್ನಡಕ ಇಲ್ಲದೆ ಕಾಣಬೇಕು.

ಅಮ್ಮ: ಬೆಳಿಗ್ಗೆ ಬೇಗ ಬಾ. ಮಧ್ಯಾಹ್ನ ಅಂಗಡಿಯಲ್ಲಿ ರಶ್.