ಗಂಟಲಿನ ಕ್ಯಾನ್ಸರಿಗೆ ಯಾವ ರೇಡಿಯೇಷನ್? ಅನುಭವಸ್ಥರು ದಯವಿಟ್ಟು ತಿಳಿಸಿ

ದಾವಣಗೆರೆಯಿಂದ ಪ್ರಶ್ನೆ: ತಂದೆಯವರಿಗೆ 64 ವರ್ಷ. ಡಾಕ್ಟರು 35 ಸಿಟ್ಟಿಂಗ್‌ಗಳಲ್ಲಿ (ಒಂದು ಸಲ ಕಿರಣ ಕೊಟ್ಟರೆ ಒಂದು ಸಿಟ್ಟಿಂಗ್) ಒಟ್ಟು 70 ಗ್ರೇ (ಕಿರಣದ ಪ್ರಮಾಣದ ಅಳತೆ), ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಎಂದಿದ್ದಾರೆ. ಹತ್ತಿರದಲ್ಲಿ ಕೋಬಾಲ್ಟ್ ಎಂಬ ವಿಕಿರಣ ಲೋಹದಿಂದ ಕಿರಣ ಕೊಡುವ ಹಳೆಯ ಬಗೆಯ ಯಂತ್ರವಿದೆ, ಬೆಂಗಳೂರಿನಲ್ಲಾದರೆ ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಹಾಯಿಸುವ ಐಎಂಆರ್‌ಟಿ ಸಿಗುತ್ತದೆ. ಯಾವುದು ಲೇಸು?

ಹಾಸನದವರು: ನನಗಾಗಿದ್ದು ಕೆನ್ನೆಯ ಒಳಭಾಗದ ಕ್ಯಾನ್ಸರ್, ಆಪರೇಷನ್ ಮುಗಿದ ಮೇಲೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ 30 ಸಿಟ್ಟಿಂಗ್ ಐಎಂಆರ್‌ಟಿ ಮಾಡಿಸಿಕೊಂಡೆ. ಪ್ಯಾಕೇಜು 2,10,000 ರೂಪಾಯಿ. ಯಂತ್ರ ಕೆಟ್ಟು ಮೂರು ದಿನ ಹೆಚ್ಚು ಕಾಯಬೇಕಾದ್ದರಿಂದ ದಿನಕ್ಕೆ 900ರಂತೆ 44 ದಿನದ ರೂಮು ಬಾಡಿಗೆ 39,600. ಮೂರನೆಯ ವಾರಕ್ಕೆ ಬಾಯೆಲ್ಲ ಹುಣ್ಣಾಗಿ ಮೂಗಿನ ನಳಿಕೆಯಲ್ಲೇ ಗಂಜಿ ಇಳಿಯುತ್ತಿತ್ತು, 71 ಕಿಲೋ ಇದ್ದವನು 58ಕ್ಕೆ ಬಂದೆ. ಕಿರಣ ಕೊಡುವಾಗ ತಲೆ ಅಲುಗದಿರಲೆಂದು ಬಿಸಿನೀರಿನಲ್ಲಿ ಅದ್ದಿ ಮುಖಕ್ಕೆ ಒತ್ತಿ ಮಾಡಿದ್ದ ಪ್ಲಾಸ್ಟಿಕ್ ಮಾಸ್ಕು ಸಡಿಲವಾಯಿತೆಂದು ಹೊಸದಕ್ಕೆ ಮತ್ತೆ 8,000 ಕಟ್ಟಿಸಿಕೊಂಡರು. ಹುಳುಕು ಹಲ್ಲನ್ನು ಮೊದಲೇ ಕೀಳದೆ "ಆಮೇಲೆ ನೋಡೋಣ" ಎಂದವರ ಮಾತು ನಂಬಿದ್ದಕ್ಕೆ, ಈಗ ಕಿತ್ತರೆ ಕಿರಣ ಬಿದ್ದ ದವಡೆಯ ಮೂಳೆ ಸತ್ತೀತೆಂದು ಯಾವ ದಂತವೈದ್ಯರೂ ಮುಟ್ಟುತ್ತಿಲ್ಲ.

ಶಿರಸಿಯವರು: ಅಷ್ಟು ಸುರಿದೂ ನಳಿಕೆ ತಪ್ಪಲಿಲ್ಲವಲ್ಲ! ನಮ್ಮಣ್ಣನಿಗೆ ಗಂಟಲಿಗೇ 2011ರಲ್ಲಿ ಕೋಬಾಲ್ಟಿನಲ್ಲಿ ಕರೆಂಟು (ರೇಡಿಯೇಷನ್) ಕೊಡಿಸಿದೆವು, ಸರ್ಕಾರಿ ಆಸ್ಪತ್ರೆಯಲ್ಲಿ ಕೈಯಿಂದ ಹೋದದ್ದು ಒಟ್ಟು 6,400 ರೂಪಾಯಿ. ಅಣ್ಣ ಇಂದಿಗೂ ತೋಟಕ್ಕೆ ಹೋಗುತ್ತಾನೆ.

ಹಾಸನದವರು: ಸ್ವಾಮಿ, ಅಣ್ಣನವರ ಬಾಯಲ್ಲಿ ಜೊಲ್ಲು ಉಳಿದಿದೆಯೇ, ಅದನ್ನೂ ಬರೆಯಿರಿ.

ಶಿರಸಿಯವರು: ಇಲ್ಲ. ಮದುವೆಮನೆಗೂ ನೀರಿನ ಬಾಟಲಿ ಹಿಡಿದೇ ಬರುತ್ತಾನೆ, ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಕುಡಿಯುತ್ತಾನೆ. ಆದರೆ ಇದ್ದಾನೆ.

ಮೈಸೂರಿನ ಗೃಹಿಣಿ: ಇದು ಹಣೆಬರಹವಲ್ಲ ಸಾರ್. ಬ್ರಿಟನ್ನಿನ ಪಾರ್‌ಸ್ಪೋರ್ಟ್ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ಗಣನೀಯವಾಗಿ ಬಾಯಿ ಒಣಗುತ್ತಿದ್ದವರು ಹಳೆಯ ವಿಧಾನದ ರೇಡಿಯೇಷನ್ನಿನಲ್ಲಿ ನೂರಕ್ಕೆ 74, ಐಎಂಆರ್‌ಟಿಯಲ್ಲಿ 38. ಜೊಲ್ಲುಗ್ರಂಥಿಯನ್ನು ತಪ್ಪಿಸಿ ಕಿರಣ ಹಾಯಿಸುವುದೇ ಅದರ ಗುಟ್ಟು. ನನ್ನ ಎಡಸ್ತನಕ್ಕೆ 15 ಸಿಟ್ಟಿಂಗ್‌ಗಳಲ್ಲಿ 40 ಗ್ರೇ ಕೊಟ್ಟರು, ಹೃದಯ ದೂರ ಸರಿಯಲೆಂದು ಪ್ರತಿಸಲವೂ ಉಸಿರು ತುಂಬಿ ಹಿಡಿಯಬೇಕಿತ್ತು. "ಹದಿನೈದೇನಾ, ದುಡ್ಡು ಉಳಿಸಿದಿರಾ?" ಎಂದು ಓರಗಿತ್ತಿ ಕೇಳಿದ್ದು ಇನ್ನೂ ಚುಚ್ಚುತ್ತದೆ.

ಬೆಂಗಳೂರಿನವರು: ಎಕ್ಸ್-ರೇ ಬದಲು ಪ್ರೋಟಾನ್ ಕಣಗಳನ್ನು ಹಾಯಿಸುವ ಚಿಕಿತ್ಸೆಯನ್ನು ಯಾರೂ ಎತ್ತಲೇ ಇಲ್ಲವಲ್ಲ. ಮಗನ ತಲೆಬುರುಡೆಯ ತಳದ ಗೆಡ್ಡೆಗೆ ಸೈಟು ಮಾರಿ 24 ಲಕ್ಷ ಹೊಂದಿಸಿ ಚೆನ್ನೈಯಲ್ಲಿ ಮಾಡಿಸಿದೆವು. ಪ್ರೋಟಾನು ಗೆಡ್ಡೆಯಲ್ಲೇ ನಿಲ್ಲುತ್ತದೆ, ಆಚೆಗೆ ಹಾಯುವುದಿಲ್ಲ.

ಶಿರಸಿಯವರು: ಸೈಟಿದ್ದವರ ಮಾತು. ಅವರು ಕೇಳಿದ್ದು ತಂದೆಯ ಗಂಟಲಿನ ವಿಚಾರ.

ಬೆಂಗಳೂರಿನವರು: ಮಾರಿದ್ದು ಇದ್ದ ಒಂದೇ ಸೈಟು, ನೋಡಿ ಮಾತಾಡಿ. ಕೋಬಾಲ್ಟಿನ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ; ಯಂತ್ರದೊಳಗಿನ ಕೋಬಾಲ್ಟ್ ಹಳತಾದಷ್ಟೂ ರೋಗಿ ಮೇಜಿನ ಮೇಲೆ ಹೆಚ್ಚು ಹೊತ್ತು ಮಲಗಬೇಕು. ನಿಮ್ಮಣ್ಣನವರನ್ನು ಎಷ್ಟು ನಿಮಿಷ ಮಲಗಿಸುತ್ತಿದ್ದರು?

ಶಿರಸಿಯವರು: ಬಾಗಿಲಾಚೆ ಕೂತವನು ನಾನು, ನಿಮಿಷ ಎಣಿಸಲಿಲ್ಲ, ದೇವರ ಹೆಸರು ಹೇಳುತ್ತಿದ್ದೆ.

ದಾವಣಗೆರೆಯವರು: ನಾಳೆ ತಂದೆಯವರನ್ನು ಮೊದಲು ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯುತ್ತೇನೆ.