ವಾರ್ಫರಿನ್ ತಗೊಳ್ಳುವವರು ಸೊಪ್ಪು ಬಿಡಬೇಕಾ?

ಮಂಡ್ಯದ_ಮಗ: ಅಪ್ಪನಿಗೆ 71 ವರ್ಷ. ಎದೆಬಡಿತದ ಲಯ ತಪ್ಪುವ ತೊಂದರೆ ಇದೆ, ಏಟ್ರಿಯಲ್ ಫಿಬ್ರಿಲೇಶನ್ ಅಂದಿದ್ದಾರೆ. ಒಂದು ಸಣ್ಣ ಸ್ಟ್ರೋಕ್ ಕೂಡ ಆಗಿತ್ತು. ಈಗ ರಾತ್ರಿ ವಾರ್ಫರಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವುದಕ್ಕೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದರ ಅಳತೆ ಐಎನ್‌ಆರ್, ಅದು 2ರಿಂದ 3ರ ಒಳಗೆ ಇರಬೇಕಂತೆ; ಕಡಿಮೆಯಾದರೆ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಹೋದ ಸಲ 1.6 ಬಂತು. ಪರಿಚಯದವರೊಬ್ಬರು ಸೊಪ್ಪು ಪೂರ್ತಿ ನಿಲ್ಲಿಸಿ ಅಂದರು, ನಿಲ್ಲಿಸಿದೆವು. ಈಗ 3.9. ಸೊಪ್ಪಿನ ಸಾರಿಲ್ಲದೆ ಅಪ್ಪ ಮುದ್ದೆ ಮುಟ್ಟುತ್ತಿಲ್ಲ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಿಸಿಕೊಂಡು ನುಂಗುತ್ತಾರೆ. ಏನು ಮಾಡೋದು?

ಅಡುಗೆಮನೆ_ಅತ್ತೆ: ಸೊಪ್ಪು ನಿಲ್ಲಿಸಿದ್ದೇ ಸರಿ ಕಣಪ್ಪ. ಅದರಲ್ಲಿ ವಿಟಮಿನ್ ಕೆ ಇದೆ, ರಕ್ತ ಗಟ್ಟಿಯಾಗುತ್ತದೆ. ತೀರಾ ಕೇಳಿದರೆ ಬಸ್ಸಾರು ಮಾಡಿ. ಬೇಯಿಸಿ ಬಸಿದರೆ ಸತ್ವವೆಲ್ಲ ಕಟ್ಟಿಗೆ ಇಳಿಯುತ್ತದೆ. ಪಲ್ಯ ಅಪ್ಪನಿಗೆ ಹಾಕಿ, ಸಾರು ನೀವು ಉಣ್ಣಿ.

ನಿವೃತ್ತ_ಸಿಸ್ಟರ್: 3.9 ಬಂದಿದೆ ಅಂತ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಮಾತ್ರೆ ಕಡಿಮೆ ಮಾಡೋದಾ, ಒಂದು ದಿನ ಬಿಡೋದಾ ಅನ್ನೋದನ್ನು ಅವರೇ ಹೇಳಬೇಕು, ನೀವು ತೀರ್ಮಾನ ಮಾಡಬೇಡಿ. ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ವಾರ್ಫರಿನ್ ಜೊತೆ ಆ ಮಾತ್ರೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಜಾಸ್ತಿ. ಮಲ ಟಾರಿನ ಹಾಗೆ ಕಪ್ಪಗಾಗಿದೆಯಾ ಕೇಳಿ. ಸೊಪ್ಪು ಬಿಡಿಸಬೇಕಾಗಿಲ್ಲ. ವಾರವಾರವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿಂದರೆ ಸಾಕು, ಡಾಕ್ಟರು ಅದಕ್ಕೆ ತಕ್ಕಂತೆ ಡೋಸ್ ಹೊಂದಿಸುತ್ತಾರೆ.

ಲೆಕ್ಕದ_ಮೇಷ್ಟ್ರು: "ಸತ್ವವೆಲ್ಲ ಕಟ್ಟಿಗೆ" ಅಂದರಲ್ಲ ಅತ್ತೆ, ಅದು ಪೂರ್ತಿ ತಲೆಕೆಳಗು. ವಿಟಮಿನ್ ಕೆ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಎಷ್ಟು ಬಸಿದರೂ ಬಹುಪಾಲು ಎಲೆಯಲ್ಲೇ ಉಳಿಯುತ್ತದೆ. 100 ಗ್ರಾಂ ಪಾಲಕ್‌ನಲ್ಲಿ ಸುಮಾರು 480 ಮೈಕ್ರೋಗ್ರಾಂ ಇದೆ. ಯಾವ ಭಾಗದಲ್ಲಿ ಅದು ತುಂಬಿದೆಯೋ ಅದನ್ನೇ ಅವರ ಅಪ್ಪನಿಗೆ ಹಾಕಿ ಅಂತಿದ್ದೀರಿ.

ಅಡುಗೆಮನೆ_ಅತ್ತೆ: ಪೂರ್ತಿ ತಲೆಕೆಳಗು ಅಂತೆ! ಹಾಗಾದರೆ ಕಟ್ಟು ಹಸಿರಾಗಿ ಯಾಕೆ ಬರುತ್ತದೆ? ದಂಟಿನ ಸೊಪ್ಪು ಬೇಯಿಸಿ ನೋಡಿದ್ದೀರಾ ಯಾವತ್ತಾದರೂ?

ಲೆಕ್ಕದ_ಮೇಷ್ಟ್ರು: ಬಣ್ಣವೇ ಬೇರೆ, ವಿಟಮಿನ್ನೇ ಬೇರೆ. ನೀರಿಗೆ ಹೋಗುವುದು ಸಿ, ಫೋಲೇಟ್ ಥರದವು. ಅಡುಗೆ ಮಾಡಿದ ಅನುಭವಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪ್ರಕೃತಿಪ್ರಿಯ: ಸೊಪ್ಪಿನ ಮೇಲೆ ಜಗಳ ಯಾಕೆ? ಬಿಡಬೇಕಾದದ್ದು ವಾರ್ಫರಿನ್. 1948ರಲ್ಲಿ ಅದನ್ನು ಮಾರಾಟಕ್ಕೆ ತಂದದ್ದೇ ಇಲಿ ಕೊಲ್ಲುವುದಕ್ಕೆ. ಬೆಳ್ಳುಳ್ಳಿ ಕ್ಯಾಪ್ಸೂಲ್, ಅರಿಶಿನದ ಕ್ಯಾಪ್ಸೂಲ್ ಕೊಡಿ. ಅವೂ ರಕ್ತ ತೆಳು ಮಾಡುತ್ತವೆ, ಅಡ್ಡ ಪರಿಣಾಮ ಇಲ್ಲ.

ನಿವೃತ್ತ_ಸಿಸ್ಟರ್: ದಯವಿಟ್ಟು ಇದನ್ನು ಯಾರೂ ಪಾಲಿಸಬೇಡಿ. ಒಗ್ಗರಣೆಯ ಬೆಳ್ಳುಳ್ಳಿ ಬೇರೆ, ಕ್ಯಾಪ್ಸೂಲ್ ಬೇರೆ. ವಾರ್ಫರಿನ್ ಮೇಲೆ ಅದನ್ನೂ ಕೊಟ್ಟರೆ ರಕ್ತಸ್ರಾವ ಹೆಚ್ಚಬಹುದು. ವಾರ್ಫರಿನ್ ಬಿಡಿಸಿ ಅದನ್ನೇ ಕೊಟ್ಟರೆ ಸ್ಟ್ರೋಕ್ ತಡೆಯುವುದಿಲ್ಲ. ಈಗಾಗಲೇ ಒಮ್ಮೆ ಸ್ಟ್ರೋಕ್ ಆದವರು ಅವರು.

ಲೆಕ್ಕದ_ಮೇಷ್ಟ್ರು: 1948 ಅಂದವರು 1954ನ್ನೂ ಹೇಳಬೇಕಿತ್ತು. ಮನುಷ್ಯರಿಗೆ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಆಗ. 1955ರಲ್ಲಿ ಹೃದಯಾಘಾತವಾದಾಗ ಅಧ್ಯಕ್ಷ ಐಸೆನ್‌ಹೋವರ್‌ಗೂ ಇದನ್ನೇ ಕೊಟ್ಟರು. ಔಷಧವೋ ವಿಷವೋ ಅನ್ನೋದು ಡೋಸಿನ ಮೇಲೆ ಹೋಗುತ್ತದೆ. ಐಎನ್‌ಆರ್ ನೋಡುವುದೇ ಅದಕ್ಕೆ.

ಪ್ರಕೃತಿಪ್ರಿಯ: ಅಧ್ಯಕ್ಷರಿಗೆ ಕೊಟ್ಟರೆ ಒಳ್ಳೆಯದಾಗಿಬಿಡುತ್ತಾ? ಅದು ವಾದವೇ ಅಲ್ಲ.

ಬೆಂಗಳೂರು_ಹುಡುಗ: ವಾರ್ಫರಿನ್ ಯಾಕೆ ಬೇಕು ಈ ಕಾಲದಲ್ಲಿ? ಅದೇ ಕೆಲಸ ಮಾಡುವ ಹೊಸ ಮಾತ್ರೆ ಅಪಿಕ್ಸಬಾನ್ ಕೊಡಿಸಿ. ಸೊಪ್ಪಿನ ಚಿಂತೆಯಿಲ್ಲ, ಐಎನ್‌ಆರ್ ನೋಡಿಸುತ್ತಾ ಇರಬೇಕಿಲ್ಲ. 2011ರ ಅರಿಸ್ಟಾಟಲ್ ಅಧ್ಯಯನದಲ್ಲಿ 18,201 ರೋಗಿಗಳಿದ್ದರು. ವಾರ್ಫರಿನ್‌ಗಿಂತ ದೊಡ್ಡ ರಕ್ತಸ್ರಾವ ಶೇ. 31ರಷ್ಟು ಕಡಿಮೆ. ಮಾತು ಮುಗೀತು.

ನಿವೃತ್ತ_ಸಿಸ್ಟರ್: ಮುಗಿಯಲಿಲ್ಲ. ಹೃದಯದಲ್ಲಿ ಕೃತಕ ಲೋಹದ ವಾಲ್ವ್ ಇದ್ದವರಿಗೆ ಆ ಹೊಸ ಮಾತ್ರೆಗಳು ಬರಲ್ಲ. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ ತುಂಬಾ ಕಿರಿದಾದವರಿಗೂ ವಾರ್ಫರಿನ್ ಥರದ್ದೇ ಬೇಕು. ನಮ್ಮ ಕಡೆ ಅಂಥವರು ತುಂಬಾ ಜನ ಇದ್ದಾರೆ. ಅವರ ಅಪ್ಪನ ವಾಲ್ವ್ ಹೇಗಿದೆ ಅಂತ ನಿಮಗೆ ಗೊತ್ತಾ?

ಬೆಂಗಳೂರು_ಹುಡುಗ: ವಾಲ್ವ್ ತೊಂದರೆ ಇದೆ ಅಂತ ಅವರು ಬರೆದೇ ಇಲ್ವಲ್ಲ ಮೇಡಂ. ಇಲ್ಲದ್ದನ್ನು ನೀವೇ ಸೇರಿಸ್ತಿದ್ದೀರಿ.

ನಿವೃತ್ತ_ಸಿಸ್ಟರ್: ಇಲ್ಲ ಅಂತಲೂ ಬರೆದಿಲ್ಲ. ಅದಕ್ಕೇ ಎಕೋ ಅಂದರೆ ಹೃದಯದ ಸ್ಕ್ಯಾನ್ ರಿಪೋರ್ಟ್ ನೋಡಿದ ಡಾಕ್ಟರನ್ನೇ ಕೇಳಬೇಕು. ಹೊಸ ಮಾತ್ರೆಗೆ ಕಿಡ್ನಿ ಟೆಸ್ಟೂ ನೋಡಬೇಕು. ಅದರ ಪರಿಣಾಮ ಬೇಗ ಇಳಿಯುತ್ತದೆ. ಅಪಿಕ್ಸಬಾನ್ ದಿನಕ್ಕೆ ಎರಡು ಸಲ, ಮರೆಯುವವರಿಗೆ ಅದೂ ಕಷ್ಟವೇ.

ಹಾಸನದ_ಸೊಸೆ: ಬಸ್ಸಾರಿನ ವಿಷಯಕ್ಕೆ ಬರ್ತೀನಿ. ನಮ್ಮ ಮನೆಯಲ್ಲಿ ಮಸಾಲೆ ರುಬ್ಬುವಾಗ ಬೆಂದ ಸೊಪ್ಪು, ಕಾಳು ಒಂದೊಂದು ಹಿಡಿ ಹಾಕುತ್ತೇವೆ. ಅಲ್ಲಿಗೆ ಸಾರಿನಲ್ಲೂ ಎಲೆ ಇದೆ. ಮೇಷ್ಟ್ರು ಹೇಳಿದ ಹಾಗೆ ಎಲ್ಲ ಪಲ್ಯದಲ್ಲೇ ಕೂತಿರಲ್ಲ.

ಅಡುಗೆಮನೆ_ಅತ್ತೆ: ಹಾಗೆ ಹೇಳು ಮಗಳೇ! ಸಾರಿನಲ್ಲಿ ಸತ್ವ ಇದೆ ಅಂತ ನಾನು ಹೇಳಿದ್ದೂ ಅದೇ.

ಲೆಕ್ಕದ_ಮೇಷ್ಟ್ರು: ನೀವು ಹೇಳಿದ್ದು ಬಸಿದ ನೀರಿಗೆ ಇಳಿಯುತ್ತದೆ ಅಂತ. ಇವರು ಹೇಳುತ್ತಿರುವುದು ರುಬ್ಬಿ ಹಾಕಿದ ಎಲೆ. ಮೇಲೆ ಹೋಗಿ ನಿಮ್ಮ ಕಾಮೆಂಟ್ ನೀವೇ ಓದಿ.

ಅಡುಗೆಮನೆ_ಅತ್ತೆ: ನನ್ನ ಕಾಮೆಂಟ್ ನನಗೆ ಗೊತ್ತಿದೆ. ದೊಡ್ಡವರ ಹತ್ತಿರ ಮಾತಾಡುವ ರೀತಿ ಇದಲ್ಲ.

ನಿವೃತ್ತ_ಸಿಸ್ಟರ್: ಇಷ್ಟು ಜನ ಬರೆದಿರಿ, ಡೈಕ್ಲೋಫೆನಾಕ್ ಬಗ್ಗೆ ಒಬ್ಬರೂ ಮಾತಾಡಿಲ್ಲ! ಇಡೀ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೊಂದೇ. ಐಎನ್‌ಆರ್ 3.9, ಮೇಲೆ ನೋವಿನ ಮಾತ್ರೆ, ವಯಸ್ಸು 71. ಬಸ್ಸಾರಿನ ಪಾಕ ಆಮೇಲೆ ನೋಡಿಕೊಳ್ಳಿ.

ಬೆಂಗಳೂರು_ಹುಡುಗ: ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟರಾಯ್ತು. ಇಷ್ಟು ಗಾಬರಿ ಹುಟ್ಟಿಸೋದು ಯಾಕೆ?

ನಿವೃತ್ತ_ಸಿಸ್ಟರ್: ದಿನಾ ಜಾಸ್ತಿ ಪ್ಯಾರಾಸಿಟಮಾಲ್ ತಗೊಂಡರೂ ಐಎನ್‌ಆರ್ ಏರಬಹುದು. ಎಷ್ಟು ಅಂತ ಕೇಳಿಯೇ ಕೊಡಬೇಕು. ಮೆಟ್ರೋನಿಡಝೋಲ್ ಥರದ ಆಂಟಿಬಯೋಟಿಕ್ ಕೂಡ ಏರಿಸುತ್ತದೆ. ಹಲ್ಲಿನ ಡಾಕ್ಟರೋ ಯಾರೋ ಹೊಸ ಮಾತ್ರೆ ಬರೆಯುವ ಮೊದಲು ವಾರ್ಫರಿನ್ ಇದೆ ಅಂತ ಹೇಳಲೇಬೇಕು. ಹಲ್ಲು ಕೀಳಿಸುವುದಕ್ಕೆ ಅಂತ ನೀವಾಗಿಯೇ ಅದನ್ನು ನಿಲ್ಲಿಸಬೇಡಿ. ಒಂದು ರಾತ್ರಿ ಮರೆತರೆ ಮಾರನೇ ದಿನ ಎರಡು ನುಂಗಿಸಬೇಡಿ. ಬಿದ್ದು ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಂಡ್ಯದ_ಮಗ: ಸಿಸ್ಟರ್, ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತು ರಾತ್ರಿ ಮಾತ್ರೆ ಬೇಡ, ನಾಳೆ ಕರೆದುಕೊಂಡು ಬನ್ನಿ, ಮತ್ತೆ ಟೆಸ್ಟ್ ಮಾಡೋಣ ಅಂದರು. ಮಲದ ಬಣ್ಣ ಕೇಳಿದೆ, ಸರಿಯಾಗೇ ಇದೆಯಂತೆ. ಡೈಕ್ಲೋಫೆನಾಕ್ ಸ್ಟ್ರಿಪ್ ನಾನೇ ಎತ್ತಿಟ್ಟಿದ್ದೇನೆ, ಅಪ್ಪ ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾರೆ. ಸೊಪ್ಪು ವಾರಕ್ಕೆ ಎರಡು ದಿನ, ಒಂದೇ ಅಳತೆ ಅಂತ ಅಮ್ಮನಿಗೆ ಹೇಳಿದ್ದೇನೆ. ಅಪಿಕ್ಸಬಾನ್ ವಿಷಯ ನಾಳೆ ಕೇಳುತ್ತೇನೆ.

ಅಡುಗೆಮನೆ_ಅತ್ತೆ: ಎರಡು ದಿನವೂ ಬಸಿದೇ ಕೊಡಿ.

ಲೆಕ್ಕದ_ಮೇಷ್ಟ್ರು: ಬಸಿದರೂ ಅಷ್ಟೇ, ಬಸಿಯದಿದ್ದರೂ ಅಷ್ಟೇ!