ಅಪ್‌ಡೇಟ್: ಎರಡನೇ ಹಾರ್ಡ್ ಡಿಸ್ಕ್‌ಗೆ ಈಗ ಫೈಲ್ ಕಾಪಿ ಆಗುತ್ತಿದೆ

ಉಬುಂಟು ಲಿನಕ್ಸ್‌ನಲ್ಲಿ ಹೊಸ 2 ಟಿಬಿ ಡಿಸ್ಕ್ ಮೌಂಟ್ ಆಗುತ್ತದೆ (ಅಂದರೆ ಒಂದು ಫೋಲ್ಡರ್‌ಗೆ ಜೋಡಣೆಯಾಗಿ ತೆರೆಯುತ್ತದೆ), ಆದರೆ ಫೈಲ್ ಹಾಕಲು ಹೋದರೆ 'ಪರ್ಮಿಷನ್ ಡಿನೈಡ್' ಬರುತ್ತದೆ ಎಂದು ಕೇಳಿದ್ದೆ. ಸರಿಹೋಯಿತು!

ತಪ್ಪಾಗಿದ್ದು ಇಲ್ಲಿ: ನಾನು ಚೌನ್ (chown, ಫೋಲ್ಡರ್‌ನ ಮಾಲೀಕರನ್ನು ಬದಲಿಸುವ) ಕಮಾಂಡ್ ಕೊಟ್ಟಿದ್ದು ಮೌಂಟ್ ಮಾಡುವ ಮೊದಲು, ಖಾಲಿ ಫೋಲ್ಡರ್‌ಗೆ. ಮೌಂಟ್ ಆದ ತಕ್ಷಣ ಆ ಫೋಲ್ಡರ್ ಮರೆಯಾಗುತ್ತದೆ. ಆಮೇಲೆ ಕಾಣುವುದು ಡಿಸ್ಕ್‌ನದೇ ಮೂಲ ಫೋಲ್ಡರ್. ಹೊಸದಾಗಿ ಫಾರ್ಮ್ಯಾಟ್ ಮಾಡಿದ್ದೆ ಅಲ್ವಾ, ಅದರ ಮಾಲೀಕ ರೂಟ್ (ಸಿಸ್ಟಮ್‌ನ ಅಡ್ಮಿನ್ ಖಾತೆ), ನಾನಲ್ಲ. ಮೌಂಟ್ ಆದ ಮೇಲೆ ಒಂದೇ ಸಲ ಚೌನ್ ಕೊಟ್ಟೆ, ಅಷ್ಟೇ. ಅದು ಡಿಸ್ಕ್‌ನಲ್ಲೇ ದಾಖಲಾಗುವುದರಿಂದ ರೀಬೂಟ್ ಆದರೂ ಉಳಿದಿದೆ.

ಅದಕ್ಕೂ ಮೊದಲು ಎಫ್‌ಎಸ್‌ಟ್ಯಾಬ್‌ನಲ್ಲಿ (fstab, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂದು ಬರೆದಿಡುವ ಫೈಲ್) ಯುಐಡಿ=1000, ಅಂದರೆ ಮಾಲೀಕ ನಾನೇ ಎನ್ನುವ ಆಯ್ಕೆ, ಸೇರಿಸಿ ನೋಡಿದ್ದೆ. ಅದು ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನ ಡಿಸ್ಕ್‌ಗೆ ಸರಿ. ನನ್ನದು ಇಎಕ್ಸ್‌ಟಿ4, ಮೌಂಟೇ ಆಗಲಿಲ್ಲ.

ಸುಮ್ನೆ 777 (ಎಲ್ಲರಿಗೂ ಪೂರ್ತಿ ಅನುಮತಿ) ಕೊಡಬೇಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಅಪ್ಪನ ಹಳೇ ಫೋಟೋಗಳೆಲ್ಲ ಈಗ ಕಾಪಿ ಆಗುತ್ತಿವೆ.